ಹಡಗಿನ ಎಡಮಗ್ಗುಲು

ಮಾನ್ವಿಯಲ್ಲಿ, ಗೆಳೆಯನ ಅಕ್ಕಿ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನೊಂದು ಅಂತರಿಕ್ಷ ಹಡಗು ಕಟ್ಟಿದೆ. ಹಳೆಯ ವಿದೇಶಿ ಚಿತ್ರವೊಂದರ ಚಿತ್ರೀಕರಣಕ್ಕಾಗಿ ಸ್ಟುಡಿಯೋದವರು ಮಾಡಿದ್ದ ಮಾದರಿಯ ಪ್ರತಿಕೃತಿ ಅದು. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಪ್ಲೈವುಡ್ಡು, ನೀರಿನ ಪೈಪುಗಳನ್ನು ಕೊಯ್ದು, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಜೋಡಿಸಿದ್ದೆ. ಬಲಮಗ್ಗುಲಿಗೆ ಕಿಟಕಿ, ದೀಪ, ಬೂದು ಬಣ್ಣ, ಹೊಗೆಯ ಕಲೆ. ಎಡಮಗ್ಗುಲು ಮಾತ್ರ ಬೋಳು. ಮೂಲದಲ್ಲಿಯೂ ಹಾಗೆಯೇ ಇತ್ತು. ಕ್ಯಾಮೆರಾ ಆ ಕಡೆಗೆ ಸುಳಿಯುತ್ತಿರಲಿಲ್ಲವಾದ್ದರಿಂದ ಅಲ್ಲಿ ಬರೀ ಹಲಗೆ, ತೂತು, ಜೋತುಬಿದ್ದ ವಯರು.

ನನಗೆ ಬೇಕಾಗಿದ್ದುದು ಆ ಬೋಳು ಮಗ್ಗುಲೇ. ದೇವದುರ್ಗದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಪ್ರಮಾಣವಿಲ್ಲದ ಮಾತು ಮಾತೇ ಅಲ್ಲ. ಹಿರೇಕೊಟ್ನೆಕಲ್ಲಿನ ಶಾಲೆಯ ಮಕ್ಕಳಿಗೆ ಹಡಗನ್ನು ಮೊದಲು ಬಲಗಡೆಯಿಂದ ತೋರಿಸಿ, ಆಮೇಲೆ ಗರಕ್ಕನೆ ತಿರುಗಿಸಿ, ಯಾರು ಏನೇ ತೋರಿಸಿದರೂ ಹಿಂದೆ ಹೋಗಿ ನೋಡಿ ಎಂದು ಹೇಳುವುದಿತ್ತು. ಮೂಢನಂಬಿಕೆಯ ವಿರುದ್ಧ ಅದಕ್ಕಿಂತ ಒಳ್ಳೆಯ ಪಾಠ ನನಗೆ ಹೊಳೆದಿರಲಿಲ್ಲ.

ಶಾಲೆಗೆ ಒಯ್ಯುವ ಹಿಂದಿನ ದಿನ ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ. ಸಣ್ಣ ಬಲ್ಬು ತರಲೆಂದು ರಾಯಚೂರಿಗೆ ಹೋಗಿ ಬರುವಷ್ಟರಲ್ಲಿ ಎಡಮಗ್ಗುಲು ಕೆಂಪಗೆ ಹೊಳೆಯುತ್ತಿತ್ತು. ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣವನ್ನು ಗೆಳೆಯನ ತಾಯಿ ತಾವೇ ಕುಳಿತು ಬಳಿದಿದ್ದರು. ವಯರುಗಳನ್ನು ಒಳಗೆ ತುರುಕಿ, ತೂತುಗಳಿಗೆ ಹೋಳಿಗೆಯ ಕಣಕ ಮೆತ್ತಿದ್ದರು.

"ಯವ್ವಾ, ಇದೇನು ಮಾಡೀರಿ?"

"ನಾಳಿ ಸಾಲಿಗೆ ಒಯ್ಯಾವ ಅದೀಯಲ್ಲಪ್ಪಾ. ಒಂದ ಕೊಂಬಿಗೆ ಬಣ್ಣ ಹಚ್ಚಿ ಎತ್ತು ಹೊರಗ ಬಿಡ್ತಾರೇನು? ನೋಡಿದವರು ಏನಂದಾರು?"

ಗೆಳೆಯ ಬಾಗಿಲಿಗೆ ಒರಗಿ ನಗುತ್ತಿದ್ದ. "ಮಾತಾಡಲೇ ಭಾಷಣಕಾರ! ಪರ ಮಾತಾಡ್ತಿಯೋ, ವಿರೋಧ ಮಾತಾಡ್ತಿಯೋ?"

ಬಣ್ಣ ಕರಗಿಸುವ ಥಿನ್ನರಿನಲ್ಲಿ ಬಟ್ಟೆ ಅದ್ದಿಕೊಂಡು ಹಡಗಿನ ಪಕ್ಕ ನಿಂತೆ. ಒರೆಸಿದರೆ ನನ್ನ ಪ್ರತಿಕೃತಿ ಮತ್ತೆ ನಿಜವಾಗುತ್ತಿತ್ತು. ಆದರೆ ನಿಜವೆಂದರೆ ಯಾವುದು? ಸ್ಟುಡಿಯೋದವರು ಕಾಣದ ಮಗ್ಗುಲನ್ನು ಹಾಗೇ ಬಿಟ್ಟಿದ್ದರು. ಈ ತಾಯಿಗೆ ಕಾಣದ ಮಗ್ಗುಲು ಎಂಬುದೇ ಇರಲಿಲ್ಲ. ಅವರು ಮುಚ್ಚಿಟ್ಟದ್ದೋ, ಮರ್ಯಾದೆ ಕೊಟ್ಟದ್ದೋ?

"ಯಾಕಪ್ಪಾ, ಚಲೋ ಆಗಿಲ್ಲೇನು?" ಎಂದರು.

"ಚಲೋ ಆಗೇದ ಬಿಡ್ರಿ," ಎಂದೆ. ಕೈಯಲ್ಲಿನ ಬಟ್ಟೆ ಆರುತ್ತಿತ್ತು.

ಮರುದಿನ ಶಾಲೆಯಲ್ಲಿ ಹಡಗನ್ನು ತಿರುಗಿಸಿದಾಗ ಮಕ್ಕಳು ಚಪ್ಪಾಳೆ ಹೊಡೆದರು. ಕೆಂಪು ಕಡೆಯೇ ಅವರಿಗೆ ಹೆಚ್ಚು ಹಿಡಿಸಿತ್ತು. ಮೂಲದಲ್ಲಿ ಈ ಮಗ್ಗುಲು ಖಾಲಿ ಇತ್ತೆಂದೂ, ಪರದೆಯ ಮೇಲೆ ಕಂಡದ್ದು ಅರ್ಧ ಮಾತ್ರವೆಂದೂ ವಿವರಿಸಿದೆ. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಖಾಲಿ ಎಲ್ಲದರಿ ಸರ? ಇಲ್ಲಿ ಬಣ್ಣ ಹಚ್ಚ್ಯಾರಲ್ರಿ."

"ಅದರ ಕೆಳಗ ಬರೇ ಹಲಗಿ ಅದವ್ವಾ."

"ನಮಗ ಕಾಣವಲ್ದುರಿ."

ಛಾಯಾಚಿತ್ರಗಳು ಮಾನ್ವಿಯ ಶೆಡ್ಡಿನಲ್ಲೇ ಉಳಿದಿದ್ದವು. ಉಗುರಿನಿಂದ ಕೆರೆದು ತೋರಿಸಬಹುದಿತ್ತು. ಬೆರಳು ಬಣ್ಣದವರೆಗೆ ಹೋಗಿ ನಿಂತಿತು.

"ನಾ ಹೇಳಾಕತ್ತೀನಲ್ಲ," ಎಂದೆ, "ನಂಬ್ರಿ."

ಹುಡುಗಿ ಒಂದು ಕ್ಷಣ ನನ್ನನ್ನೇ ನೋಡಿ, ಹೂಂ ಎಂದು ಕುಳಿತಳು. ಅವಳು ನಂಬಿದಳೋ, ಕೇವಲ ಸುಮ್ಮನಾದಳೋ ತಿಳಿಯಲಿಲ್ಲ. ಎರಡರಲ್ಲಿ ಯಾವುದು ನನ್ನ ಸೋಲೆಂದು ಇನ್ನೂ ಯೋಚಿಸುತ್ತಿದ್ದೇನೆ.