ನಕ್ಕವರನ್ನೆಲ್ಲ ಕರೆದು ಇಟ್ಟ ಹೆಸರು

ಮಗಳ ಬಾಣಂತನ ಮಾಡಬೇಕಾದ ವಯಸ್ಸಿನಲ್ಲಿ ನಾನೇ ಬಸುರಿಯಾದೆ. ನಲವತ್ತೈದು ತುಂಬಿತ್ತು. ಕಿರಂಗೂರಿನ ಡೈರಿಯಲ್ಲಿ ಹಾಲು ಹಾಕಲು ನಿಂತರೆ ಬೆನ್ನ ಹಿಂದೆ ಕಿಸಕ್ಕನೆ ನಗು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಎಂದು ನುಂಗಿಕೊಂಡೆ. ಆದರೆ ಬಿಂಡಿಗನವಿಲೆಗೆ ಕೊಟ್ಟಿದ್ದ ನಾದಿನಿಯೂ ಫೋನಿನಲ್ಲಿ, "ಅಯ್ಯೋ ಅತ್ಗೆ, ಮೊಮ್ಮಗೀನ ತೊಟ್ಲು ತೂಗೋ ವಯಸ್ನಲ್ಲಿ ಇದೇನ್ ಮಾಡ್ಕಂಡ್ಬುಟ್ಟೆ?" ಎಂದು ಬಿದ್ದುಬಿದ್ದು ನಕ್ಕಳು. ಅದು ಗಂಟಲಿಂದ ಇಳಿಯಲಿಲ್ಲ. ಮಾರನೆಯ ದಿನದಿಂದ ಡೈರಿಗೆ ಗಂಡನನ್ನೇ ಕಳಿಸಿದೆ.

ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿ ಮಲಗಿದ್ದೆ. ಕ್ರೈಸ್ತರಾಗಿದ್ದ ನರ್ಸಮ್ಮ ನನ್ನ ನಾಚಿಕೆಯ ಕಾರಣ ಕೇಳಿ ಮಂಚದ ಅಂಚಿಗೆ ಕೂತೇಬಿಟ್ಟರು.

"ನಿಂದೇನ್ ವಯಸ್ಸಮ್ಮ? ನಮ್ಮ ಗ್ರಂಥದಲ್ಲಿ ತೊಂಬತ್ ವರ್ಷದ ಅಜ್ಜಿ ಒಬ್ಳವ್ಳೆ. ಮಗು ಆಗ್ತದೆ ಅಂದಾಗ ಅವ್ಳಿಗೇ ನಗು ಬಂತು. ಆಮೇಲೆ ಹೆತ್ಲು. ಮಗೂಗೆ ಇಸಾಕ ಅಂತ ಹೆಸ್ರಾಯ್ತು. ಹೀಬ್ರೂ ಭಾಷೇಲಿ 'ನಗ್ತಾನೆ' ಅಂತ ಅರ್ಥ."

ಪಕ್ಕದಲ್ಲಿದ್ದ ನನ್ನ ಅತ್ತೆ, "ಮನೆದೇವ್ರ ಹೆಸ್ರು ಶಾಸ್ತ್ರಕ್ಕಾಯ್ತದೆ. ಕೂಗಾಕೆ ಇದೇ ಇರ್ಲಿ ಬುಡವ್ವ," ಎಂದರು. ಎಂಬತ್ತರ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು.

ಮೂರನೇ ತಿಂಗಳಿಗೆ ನಾಮಕರಣ. ಮನೆಮಟ್ಟಿಗೆ ಮುಗಿಸೋಣ ಎಂದ ಗಂಡನ ಮಾತು ಕೇಳಲಿಲ್ಲ. ಡೈರಿಯಲ್ಲಿ ನಕ್ಕವರ ಮನೆಗೆಲ್ಲ ಹೋಗಿ ಕುಂಕುಮವಿಟ್ಟು ಕರೆದೆ. ಒಬ್ಬರನ್ನೂ ಬಿಡಲಿಲ್ಲ.

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಎಂದರೆ ನನ್ನ ನಾದಿನಿಯೇ! ಮನೆದೇವರ ಹೆಸರಾದ ಮೇಲೆ ಕೂಗುವ ಹೆಸರು ತಿಳಿಸಿದೆ.

"ಇದ್ಯಾವ್ ಹೆಸ್ರು ಅತ್ಗೆ? ಅಂಗಂದ್ರೇನು?"

"ಮೂರ್ ಸಲ ಹೇಳು. ಆಮೇಲ್ ಹೇಳ್ತೀನಿ."

ಹೇಳಿದಳು. ನಾನು ಎಲ್ಲರಿಗೂ ಕೇಳುವ ಹಾಗೆ ಅರ್ಥ ಬಿಡಿಸಿದೆ. ಜೊತೆಗೆ ಆ ಅಜ್ಜಿಯ ಕಥೆಯನ್ನೂ. ನಾದಿನಿಯ ಮುಖ ಕೆಂಪಾಯಿತು. ಡೈರಿಯ ಹೆಂಗಸರು ತಲೆ ತಗ್ಗಿಸಿದರು. ಅವರನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಅದುಮಿಟ್ಟ ನಗುವೆಲ್ಲ ಹೊರಬಂತು. ಮರುಗಳಿಗೆಯಲ್ಲಿ ಮನೆಯೇ ನಗುತ್ತಿತ್ತು.

"ಗೆದ್ಬುಟ್ಟೆ ಕಣತ್ಗೆ," ಎಂದು ನಾದಿನಿ ಕಣ್ಣೊರೆಸಿಕೊಂಡಳು. ಹೌದು, ಗೆದ್ದಿದ್ದೆ.

ಮಾರನೆಯ ಬೆಳಿಗ್ಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕ್ಯಾನು ಹಿಡಿದು ಡೈರಿಗೆ ನಾನೇ ಹೋದೆ. ಸಾಲಿನಲ್ಲಿದ್ದವರು ಆವತ್ತೂ ನಕ್ಕರು. ನಕ್ಕು, ಮಗುವಿಗಾಗಿ ಕೈ ಚಾಚಿದರು.