ಹನ್ನೊಂದು ಸೆಕೆಂಡಿನ ಮಾತು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಎರೆಮಣ್ಣು ಇರುತ್ತಿತ್ತು. ರಾಯಚೂರಿನ ಒಂದು ಕೇಬಲ್ ಚಾನೆಲ್‌ನವರು ಸಂದರ್ಶನಕ್ಕೆ ಕರೆದಾಗ, ಮೇಡಂ, ಕೈ ಮೇಜಿನ ಕೆಳಗಿಡಿ ಅಂದಿದ್ದರಂತೆ. ಇವರಿಗೋ ಕೈಯಾಡಿಸದೆ ಮಾತೇ ಬರುವುದಿಲ್ಲ. ಅರ್ಧ ಗಂಟೆ ಆ ಹೆಬ್ಬೆರಳೇ ಪರದೆ ತುಂಬ ಕುಣಿಯಿತು.

ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನಿ ಅವರು. ಹಳ್ಳಿಗಳಲ್ಲಿ ಮಣ್ಣಿನ ಮೇಡಂ. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ತಮ್ಮಾ ಅನ್ನುತ್ತಿದ್ದರು. ನಾನು ಮಾನ್ವಿಯವನು. ಮೊದಲು ಪೇಪರಿಗೆ ಸುದ್ದಿ ಬರೆಯುತ್ತಿದ್ದೆ, ಈಗ ನಿಮಗೆಲ್ಲ ಗೊತ್ತಿರುವ ಈ ವಿಡಿಯೋ ಪೇಜು ನಡೆಸುತ್ತೇನೆ. ಪೇಪರಿನ ಕಾಲದಿಂದಲೂ ರೈತರಿಗೆ ಏನಾದರೂ ಹೇಳಬೇಕಾದರೆ ನನಗೇ ಫೋನ್ ಮಾಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಪೇಪರಿಗೆ ಬರೆದದ್ದನ್ನು ನನಗೆ ಕೊಡುವ ಮೊದಲು ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಅಜ್ಜಿಗೆ ಓದಿ ಹೇಳುತ್ತಿದ್ದರು. ಆಮೇಲೆ ಅಜ್ಜಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಎಡವಿದರೆ ತಪ್ಪು ಅಜ್ಜಿಯದಲ್ಲ, ಬರೆದವರದು. ಒಮ್ಮೆ ಎರಡು ಸಾಲು ಕೇಳಿದ ಅಜ್ಜಿ ಕಳೆ ಕೀಳುವ ಕುರ್ಚಿಗಿ ಕೆಳಗಿಟ್ಟು, "ನೀ ರೇಡಿಯೋ ಓದಾಕತ್ತಿ ನನ್ನವ್ವಾ. ಮನಿ ಮಂದಿ ಕೂಡ ಮಾತಾಡಿದಂಗ ಹೇಳು" ಅಂದಳು. ಮೇಡಂ ಅಲ್ಲೇ ಬದುವಿನ ಮೇಲೆ ಕೂತು ಮತ್ತೆ ಬರೆದರು. ಡಾಕ್ಟರೇಟ್ ಮಾಡಿದವರು ಕಾಗದ ಹಿಡಿದು ಕೂಲಿ ಅಜ್ಜಿಯ ಮುಂದೆ ಪರೀಕ್ಷೆಗೆ ಕೂತಂತೆ ಕೂತಿದ್ದರು. ನಾನು ನಕ್ಕಿದ್ದೆ.

ಮೂರು ವರ್ಷದ ಹಿಂದೆ, ಮುಂಗಾರಿನ ಮೊದಲು, ಕುರ್ಡಿಯ ಒಂದು ಹೊಲದಲ್ಲಿ ಅವರ ವಿಡಿಯೋ ಮಾಡಿದೆ. ಕೆಸರು ಮಾಡಿ ಸಸಿ ನಾಟಿ ಮಾಡುವ ಬದಲು ಒಣ ಹೊಲದಲ್ಲೇ ಕೂರಿಗೆಯಿಂದ ಭತ್ತ ಬಿತ್ತುವ ವಿಷಯ. ನೀರು ಉಳಿಯುತ್ತದೆ, ಆಳೂ ಕಡಿಮೆ. ಐದು ನಿಮಿಷ ಸೊಗಸಾಗಿ ಹೇಳಿದರು. ಹೊರಡುವಾಗ, ಹಾಕುವ ಮುಂಚೆ ಅಜ್ಜಿಗೆ ತೋರಿಸು ಅಂದರು. ಹ್ಞೂಂ ಅಂದೆ.

ತೋರಿಸಲಿಲ್ಲ. ಐದು ನಿಮಿಷ ಯಾರೂ ನೋಡುವುದಿಲ್ಲ ಅಂತ ಒಂದೂವರೆಗೆ ಇಳಿಸಿದೆ. ಉಪ್ಪೆದ್ದು ಬೆಳ್ಳಗಾದ ಸವಳು ಹೊಲಕ್ಕೆ ಇದು ಬೇಡ, ಅಲ್ಲಿ ನಾಟಿಯನ್ನೇ ಮಾಡಿ ಅಂತ ಅವರು ನಡುವೆ ಒಂದು ಮಾತು ಹೇಳಿದ್ದರು. ಆ ಮಾತಿನ ಹೊತ್ತಿಗೆ ಗಾಳಿ ಮೈಕಿಗೆ ಬಡಿದು ಬರ್ ಅನ್ನುತ್ತಿತ್ತು. ನಿಜ ಹೇಳಬೇಕೆಂದರೆ ಗಾಳಿ ಒಂದು ನೆಪ. ಆ 'ಬೇಡ' ನನ್ನ ವಿಡಿಯೋದ ಹುರುಪು ಕೆಡಿಸುತ್ತಿತ್ತು. ಕತ್ತರಿಸಿದೆ. 'ನಾಟಿ ಬಿಡಿ, ಕೂರಿಗೆ ಹಿಡಿಯಿರಿ' ಅಂತ ತಲೆಬರಹ ಕೊಟ್ಟು ಹಾಕಿಬಿಟ್ಟೆ. ಸಿರವಾರ, ದೇವದುರ್ಗ, ಮಟಮಾರಿ, ಎಲ್ಲ ಕಡೆ ಓಡಿತು. ಮಾನ್ವಿ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಗುರುತು ಹಿಡಿದು ಮಾತಾಡಿಸಿದರು. ಉಬ್ಬಿಹೋದೆ.

ಬಿತ್ತನೆಯಾಗಿ ತಿಂಗಳಿಗೆ ಮೇಡಂ ಫೋನ್ ಮಾಡಿ, ದೇವದುರ್ಗ ಕಡೆ ಒಂದು ಹೊಲ ನೋಡಲು ಹೋಗೋಣ ಬಾ ಅಂದರು. ಹೋದೆವು. ಪೈರಿನ ತುದಿ ಸುಟ್ಟಿತ್ತು, ಅಲ್ಲಲ್ಲಿ ನೆಲ ಬೋಳಾಗಿತ್ತು. ಆ ಬೋಳು ಜಾಗದಲ್ಲೆಲ್ಲ ಬೆಳ್ಳಗೆ ಉಪ್ಪು. ಬದುವಿನ ಮೇಲೆ ಏಳೆಂಟು ಜನ ನಿಂತಿದ್ದರು. ಹೊಲದ ಯಜಮಾನ ಕೂಗಾಡಲಿಲ್ಲ. ಫೋನ್ ಮುಂದೆ ಹಿಡಿದು ನನ್ನ ವಿಡಿಯೋ ಹಚ್ಚಿದ.

"ಮಂದಿ ಹೇಳಿದ್ರ ನಾ ನಂಬ್ತಿದ್ದಿಲ್ರೀ ಮೇಡಂ. ನೀವು ಹೇಳೀರಂತ ಬಿತ್ತೀನಿ."

ಮೇಡಂ ಒಂದೂವರೆ ನಿಮಿಷವೂ ನೋಡಿದರು. ಮುಗಿದ ಮೇಲೆ ಇನ್ನೊಮ್ಮೆ ಹಚ್ಚಿಸಿ ನೋಡಿದರು. ಅವರಿಗೆ ತಿಳಿಯಿತು ಅಂತ ನನಗೆ ತಿಳಿಯಿತು. ನನ್ನ ಕಡೆ ತಿರುಗಲಿಲ್ಲ.

"ಹೌದಪ್ಪಾ, ನಾನೇ ಹೇಳೀನಿ. ಪೂರಾ ಹೇಳ್ಬೇಕಿತ್ತು. ತಪ್ಪು ನಂದದ."

ಗುಂಪಿನಲ್ಲಿ ಯಾರೋ, ಆಫೀಸಿನ್ಯಾಗ ಕುಂತು ಹೇಳೋರ ಹಣೆಬರಾನೇ ಇಷ್ಟು ಅಂದ. ಇಪ್ಪತ್ತು ವರ್ಷ ಹೊಲದಲ್ಲೇ ನಿಂತ ಹೆಂಗಸಿಗೆ ಆ ಮಾತು. ಮೇಡಂ ಅದನ್ನೂ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ಅವರ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಇಲ್ಲ, ಅವರು ಹೇಳಿದ್ದರು, ನಾನು ಕತ್ತರಿಸಿದೆ ಅನ್ನಲು ಎಷ್ಟು ಹೊತ್ತು ಬೇಕು? ಬಾಯಿ ಬಿಡಲಿಲ್ಲ.

ಮೇಡಂ ಪಕ್ಕದೂರಿನವರ ಮಡಿಯಲ್ಲಿ ಉಳಿದಿದ್ದ ಭತ್ತದ ಸಸಿ ಕೇಳಿ ತರಿಸಿದರು. ಬೋಳು ಜಾಗಕ್ಕೆ ನೀರು ಬಿಡಿಸಿ, ಮರುದಿನ ಸೀರೆ ಎತ್ತಿ ಕಟ್ಟಿ ಹೆಣ್ಣಾಳುಗಳ ಸಾಲಿನಲ್ಲಿ ನಿಂತು ತಾವೂ ನಾಟಿ ಮಾಡಿದರು. ಅರ್ಧ ಹೊಲ ಉಳಿಯಿತು.

ನಾಟಿ ಮುಗಿಸಿ ವಾಪಸು ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಂತೆವು. ಬೈಯಲಿ ಅಂತ ಕಾಯುತ್ತಿದ್ದೆ.

"ತಮ್ಮಾ, ಆ ಸವಳಿನ ಮಾತು ಎಷ್ಟು ಸೆಕೆಂಡ್ ಇತ್ತು?"

"ಹನ್ನೊಂದು, ಮೇಡಂ."

ತಲೆಯಾಡಿಸಿ ಚಹಾ ಕುಡಿದರು. ಗಾಡಿ ಹತ್ತುವಾಗ, ಪೂರಾ ವಿಡಿಯೋ ಒಮ್ಮೆ ಹಾಕಿಬಿಡು ಅಂದರು, ಅಷ್ಟೇ.

ಹಾಕಲಿಲ್ಲ. ಹಾಕಿದರೆ ಕತ್ತರಿಸಿದ್ದು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಸದ್ದಿಲ್ಲದೆ ಪೇಜಿನಿಂದ ಆ ವಿಡಿಯೋ ತೆಗೆದೆ, ಕುರ್ಡಿಯಲ್ಲಿ ತೆಗೆದ ಮೂಲವನ್ನೂ ಅಳಿಸಿದೆ. ಅದಾದ ಮೇಲೆ ಮೇಡಂ ಯಾವ ಕ್ಯಾಮರಾದ ಮುಂದೆಯೂ ನಿಲ್ಲಲಿಲ್ಲ. ಭಾನುವಾರ ಬಸ್ ಹತ್ತಿ ಒಂದೊಂದೇ ಊರಿಗೆ ಹೋಗಿ, ಕಟ್ಟೆಯ ಮೇಲೆ ಸಿಕ್ಕ ಹತ್ತು ಜನರಿಗೆ ಹೇಳಿ ಬರುತ್ತಿದ್ದರು. ನನ್ನೊಂದಿಗೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಫೋನ್ ಮಾಡಿ ಮಕ್ಕಳನ್ನು ವಿಚಾರಿಸುತ್ತಿದ್ದರು. ಅದನ್ನೇ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಈ ವರ್ಷ ಕಾರಹುಣ್ಣಿಮೆಯಾದ ಮೂರನೇ ದಿನ ತೀರಿಕೊಂಡರು. ಹೃದಯಾಘಾತ. ಮಣ್ಣು ಮುಗಿಸಿ ಮನೆಗೆ ಬಂದು ಫೋನ್ ನೋಡಿದರೆ ಗುಂಪು ಗುಂಪುಗಳಲ್ಲಿ ಅದೇ ವಿಡಿಯೋ. ಯಾರ ಫೋನಿನಲ್ಲಿ ಉಳಿದಿತ್ತೋ, ಅದಕ್ಕೊಂದು ಹೂಮಾಲೆ ಹಾಕಿ, ದೀಪ ಹಚ್ಚಿ, ನಮ್ಮ ಮಣ್ಣಿನ ಮೇಡಂ ಅಂತ ಬರೆದು ಕಳಿಸುತ್ತಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಆ ಸಾಲಿನ ನಡುವೆ ಒಬ್ಬ ಕೇಳಿದ್ದ: "ನಮ್ದು ಕಾಲುವಿ ಕೆಳಗಿನ ಸವಳು ಹೊಲ ಅದರೀ, ಇದು ನಡೀತದೇನ್ರೀ?" ಯಾರೂ ಉತ್ತರ ಕೊಟ್ಟಿರಲಿಲ್ಲ.

ಬಿತ್ತನೆ ಶುರುವಾಗಿದೆ. ಅವರ ದನಿಯಲ್ಲಿ ಕೇಳಿಸೋಣ ಅಂದರೆ ಆ ಮಾತು ನನ್ನ ಹತ್ತಿರ ಈಗ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸವಳು ಹೊಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತಬೇಡಿ, ಸಸಿ ನಾಟಿಯನ್ನೇ ಮಾಡಿ. ಇದನ್ನು ಮೇಡಂ ಅವತ್ತೇ ಹೇಳಿದ್ದರು. ತೆಗೆದುಹಾಕಿದವನು ನಾನು.