ಎಂಟನೇ ಲೇನಿನ ದಾಖಲೆ

ನನ್ನನ್ನು ಅಂತರರಾಷ್ಟ್ರೀಯ ಈಜುಗಾರ್ತಿ ಎಂದು ಪರಿಚಯ ಮಾಡಿಕೊಡುವವರು ಇಬ್ಬರೇ: ಒಬ್ಬಳು ಅಮ್ಮ, ಇನ್ನೊಬ್ಬರು ಗೇಲಿ ಮಾಡಬೇಕೆನಿಸಿದಾಗ ನಮ್ಮ ಯಜಮಾನರು. ಮಾತು ಸುಳ್ಳಲ್ಲ. ಮೂರು ಸಲ ವಿಮಾನ ಹತ್ತಿ ಪರದೇಶಕ್ಕೆ ಹೋಗಿ, ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿ, ಮೂರು ಸಲವೂ ತಲೆ ಒರೆಸಿಕೊಂಡು ವಾಪಸ್ ಬಂದವಳು ನಾನು.

ಬ್ರೆಸ್ಟ್‌ಸ್ಟ್ರೋಕ್ ಎಂದರೆ ಕಪ್ಪೆ ಈಜು. ಬೇರೆ ಈಜುಗಳಲ್ಲಿ ನಾನು ಕುಡಿಯುತ್ತಿದ್ದ ನೀರು ನೋಡಿ ಕೋಚ್, "ಕೊಳ ಖಾಲಿ ಮಾಡ್ಬೇಡಮ್ಮ, ಕಪ್ಪೆ ಥರ ಈಜು ಸಾಕು" ಎಂದು ಕೈಮುಗಿದಿದ್ದರು. ಪಾದ ಹೊರಕ್ಕೆ ತಿರುಗಿಸಿ ಒದೆಯುವುದು ನನಗೆ ಸಲೀಸು; ನೆಲದ ಮೇಲೂ ಹಾಗೇ ನಡೆಯುತ್ತಿದ್ದೆ. ಆಗ ದೇಶದಲ್ಲಿ ಆ ಈಜು ನೆಚ್ಚಿಕೊಂಡ ಹುಡುಗಿಯರು ಇಬ್ಬರು. ಇನ್ನೊಬ್ಬಳು ಓದು ಜಾಸ್ತಿಯಾಯಿತೆಂದು ಈಜು ಬಿಟ್ಟಳು. ಹಾಳೂರಿಗೆ ಉಳಿದವನೇ ಗೌಡ. ನಾನು ಚಾಂಪಿಯನ್ ಆದೆ.

ಹೊರಗೆ ಹೋದಾಗ ನನಗೆ ಯಾವಾಗಲೂ ಎಂಟನೇ ಲೇನು. ನಿಧಾನದವರನ್ನು ಅಂಚಿಗೆ ಹಾಕುತ್ತಾರೆ. ಮೊದಲ ಸಲ ಎಂಟನೆಯವಳಾದೆ. ಎರಡನೇ ಸಲ ಏಳನೆಯವಳು, ಯಾಕೆಂದರೆ ಪಕ್ಕದವಳು ತಿರುಗುವಾಗ ಎರಡು ಕೈಯಲ್ಲಿ ಮುಟ್ಟಬೇಕಾದ ಗೋಡೆಯನ್ನು ಒಂದೇ ಕೈಯಲ್ಲಿ ಮುಟ್ಟಿ ಅನರ್ಹಳಾದಳು. ಆ ಏಳನ್ನು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಮೂರನೇ ಸಲ ಮತ್ತೆ ಎಂಟು. ಆದರೆ ಫಲಕದ ಮೇಲೆ ನನ್ನ ಸಮಯ 1:16.40. ಎಲ್ಲರಿಗಿಂತ ಹಿಂದೆ ಬಂದು ನಮ್ಮ ದೇಶದ ದಾಖಲೆ ಮಾಡಿದ್ದೆ! ಉಳಿದ ಏಳು ಜನ ಆಗಲೇ ಬಟ್ಟೆ ಬದಲಿಸಲು ಹೋಗಿದ್ದರು.

ಆ ದಾಖಲೆಗೆ ಸರ್ಕಾರ ಕೆಲಸ ಕೊಟ್ಟಿತು. ಈಜುವವಳಲ್ಲವೇ, ನೀರು ಸರಬರಾಜು ಇಲಾಖೆಗೇ ಹಾಕಿದರು. ದೂರುಗಳ ಕೌಂಟರು. ಪೈಪ್ ಒಡೆದವರು, ನಲ್ಲಿಯಲ್ಲಿ ಕೆಸರು ಬಂದವರು, ನೀರೇ ಬಾರದವರು ಕಿಟಕಿಯೊಳಗೆ ತಲೆ ತೂರಿಸಿ ಹತ್ತೊಂಬತ್ತು ವರ್ಷ ನನ್ನನ್ನು ಬೈದರು. ಬೈಸಿಕೊಳ್ಳುವಾಗೆಲ್ಲ ಮನಸ್ಸಿನಲ್ಲೇ "1:16.40" ಎಂದುಕೊಳ್ಳುತ್ತಿದ್ದೆ. ನಾನು ಇನ್ನೂ ಯಾರೋ ಒಬ್ಬಳು ಎನ್ನುವುದಕ್ಕೆ ಅದೊಂದೇ ಆಧಾರ.

ಭಾನುವಾರ ಕೊಳದ ಬಳಿ ಟೈಮ್‌ಕೀಪರ್ ಕೆಲಸ ಮಾಡುತ್ತೇನೆ. ಹೋದ ತಿಂಗಳು ಆಯ್ಕೆ ಸ್ಪರ್ಧೆ. ಹದಿನೇಳರ ಹುಡುಗಿಯೊಬ್ಬಳು ನನ್ನ ದಾಖಲೆ ಮುರಿದರೆ ಹೊರದೇಶಕ್ಕೆ, ಇಲ್ಲದಿದ್ದರೆ ಮನೆಗೆ. ಆ ವರ್ಷಕ್ಕೆ ಅವಳಿಗೆ ಅದು ಕೊನೆಯ ಅವಕಾಶ. ಅವತ್ತು ವಿದ್ಯುತ್ ಗಡಿಯಾರ ಕೈಕೊಟ್ಟಿತು. ಹಾಗಾಗಿ ಅವಳ ಲೇನಿಗೆ ಸ್ಟಾಪ್‌ವಾಚ್ ಹಿಡಿದು ಮೂವರು ನಿಂತೆವು: ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ನಿವೃತ್ತ ಮೇಷ್ಟ್ರು, ಮತ್ತು ನಾನು. ಬೇಲಿಯೇ ಎದ್ದು ಹೊಲ ಮೇಯಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಹುಡುಗಿ ಚೆನ್ನಾಗಿ ಈಜಿದಳು. ಹಾಳಾದವಳು, ತುಂಬಾ ಚೆನ್ನಾಗಿ ಈಜಿದಳು. ಕೊನೆಯ ಹತ್ತು ಮೀಟರಿರುವಾಗ ವಾಚ್ ನೋಡಿದೆ: ನನ್ನ ದಾಖಲೆ ಹೋಗುವುದರಲ್ಲಿತ್ತು. ಅವಳ ಎರಡೂ ಕೈ ಗೋಡೆಗೆ ಬಡಿದದ್ದನ್ನು ಕಣ್ಣಾರೆ ಕಂಡೆ. ವಾಚಿನ ಗುಂಡಿಯ ಮೇಲಿದ್ದ ನನ್ನ ಹೆಬ್ಬೆರಳು ಒಂದು ಚೂರು ತಡೆಯಿತು, ಆಮೇಲೆ ಒತ್ತಿತು.

ಮೇಷ್ಟ್ರು ವಾಚ್ ಶುರುಮಾಡುವುದನ್ನೇ ಮರೆತಿದ್ದರು. ಡಾಕ್ಟರದು 1:16.34. ನನ್ನದು 1:16.48. ಎರಡೇ ವಾಚ್ ಇದ್ದರೆ ಸರಾಸರಿ ತೆಗೆಯಬೇಕು. ರೆಫರಿ ಲೆಕ್ಕ ಹಾಕಿದರು: 1:16.41. ನೂರನೇ ಒಂದು ಸೆಕೆಂಡಿನಲ್ಲಿ ನನ್ನ ದಾಖಲೆ ಉಳಿದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಖುಷಿಯೇ ಆಯಿತು.

ಹುಡುಗಿ ಲೇನಿನ ಹಗ್ಗಕ್ಕೆ ಜೋತುಬಿದ್ದು ನಮ್ಮ ಬಾಯನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ನನ್ನ ಖುಷಿ ಅಲ್ಲೇ ಸತ್ತಿತು.

"ಸರ್, ನನ್ನ ಟೈಮ್ ಬಿಟ್ಬಿಡಿ. ನಾನು ಒತ್ತಿದ್ದು ತಡ ಆಯ್ತು" ಎಂದೆ.

ರೆಫರಿ ಕನ್ನಡಕ ಇಳಿಸಿದರು. "ಯೋಚ್ನೆ ಮಾಡಿ ಹೇಳಿ ಮೇಡಂ. ಅದು ನಿಮ್ದೇ ದಾಖಲೆ ಅಲ್ವಾ?"

"ಅದಕ್ಕೇ ಸರ್ ತಡ ಆಗಿದ್ದು."

ಅವರು ನಗಲಿಲ್ಲ. ನನ್ನ ಸಮಯಕ್ಕೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡರು. ಉಳಿದದ್ದು ಡಾಕ್ಟರ ವಾಚ್ ಒಂದೇ. ಮೈಕಿನಲ್ಲಿ ಹೊಸ ದಾಖಲೆ ಕೂಗಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ಮೆಲ್ಲಗೆ.

ಹುಡುಗಿ ಟವೆಲ್ ಕೂಡ ಹೊದೆಯದೆ ನೇರ ನನ್ನ ಹತ್ತಿರ ಬಂದಳು. "ಆಂಟಿ, ನಾಲ್ಕು ವರ್ಷದಿಂದ ನಿಮ್ಮ ಟೈಮನ್ನ ಬಚ್ಚಲು ಕನ್ನಡಿಗೆ ಅಂಟಿಸ್ಕೊಂಡಿದ್ದೆ. ದಿನಾ ಬೆಳಿಗ್ಗೆ ನಿಮ್ಮನ್ನ ಬೈಕೊಂಡೇ ಹಲ್ಲುಜ್ಜೋದು."

"ನನ್ನನ್ನಾ? ದಿನಾನಾ?"

"ಒಂದಿನಾನೂ ಬಿಟ್ಟಿಲ್ಲ ಆಂಟಿ."

ನಾಲ್ಕು ವರ್ಷ, ಒಂದು ದಿನವೂ ತಪ್ಪದೆ! ನಮ್ಮ ಯಜಮಾನರು ಕೂಡ ನನ್ನನ್ನು ಇಷ್ಟು ನೆನೆದಿಲ್ಲ. ಅಲ್ಲೇ ಕೊಳದ ಕಟ್ಟೆಯ ಮೇಲೆ, ಎಲ್ಲರ ಎದುರಿಗೆ, ಆ ಒದ್ದೆ ಹುಡುಗಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.